ಮುನ್ನೂರ ಹದಿಮೂರು ಸೆಂಟ್ ತೂಗಿದ ಪ್ಯಾಕೆಟ್

ಕಂಪ್ಯೂಟರ್ ಭಾಷೆಯ ಹೊಸ ಆವೃತ್ತಿಗೆ ಒಪ್ಪಿಗೆ ಕೊಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮಾರ್ಚ್ ತಿಂಗಳಲ್ಲಿ ನೀವು ಹೊರತಂದ ಹೊಸ ಆವೃತ್ತಿಯಿಂದಾಗಿ ಸೂರತ್ತಿನ ಕತಾರ್‌ಗಾಮ್‌ನಲ್ಲಿ ವಜ್ರಕ್ಕೆ ಹೊಳಪು ಕೊಡುವ ಜಸುಬೆನ್ ಎಂಬವರು ಒಂಬತ್ತು ದಿನ ಕಳ್ಳಿ ಎನಿಸಿಕೊಂಡರು. ‘ನಿಮ್ಮಿಂದಾಗಿ’ ಎಂದು ಬರೆಯುವ ಪೂರ್ತಿ ಅಧಿಕಾರ ನನಗಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟೆಂಬುದನ್ನೂ ಇದೇ ಪತ್ರದಲ್ಲಿ ಹೇಳುತ್ತೇನೆ.

ಇದನ್ನು ಮೊದಲು ಇಂಗ್ಲಿಷಿನಲ್ಲಿ ನಿಮ್ಮ ದೂರು ವಿಭಾಗಕ್ಕೆ ಬರೆದಿದ್ದೆ. ಮೂರು ನಿಮಿಷದೊಳಗೆ ‘ದೋಷವಲ್ಲ, ನಿರೀಕ್ಷಿತ ವರ್ತನೆ’ ಎಂಬ ಉತ್ತರ ಬಂದು ದೂರು ಮುಚ್ಚಿಹೋಯಿತು. ಇಷ್ಟು ಚುರುಕಾದ ಕಚೇರಿಯನ್ನು ಮೆಚ್ಚಲೇಬೇಕು. ಆದ್ದರಿಂದ ಈ ಸಲ ನೀವು ಮುಚ್ಚಲಾಗದ ಭಾಷೆಯಲ್ಲಿ, ಎಲ್ಲರೂ ಓದಬಹುದಾದ, ಮುಚ್ಚಲಾಗದ ಜಾಗದಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಅನುವಾದಿಸಿ ಕೊಟ್ಟರೆ ದಯವಿಟ್ಟು ಕೊನೆಯವರೆಗೆ ಓದಿ.

ನಿಮ್ಮ ಭಾಷೆಯಲ್ಲಿ ಬರೆಯುವುದು ಸ್ಮಾರ್ಟ್ ಕಾಂಟ್ರಾಕ್ಟ್‌ಗಳನ್ನು. ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಕಾಯುವ ಹಂಚಿಕೆಯ ದಾಖಲೆಯ ಮೇಲೆ ಒಮ್ಮೆ ಇಟ್ಟರೆ ತಾವೇ ನಡೆದುಕೊಂಡು ಹೋಗುವ, ಬರೆದವರೂ ತಿದ್ದಲಾಗದ ಕರಾರುಗಳವು. ಕತಾರ್‌ಗಾಮ್‌ನ ಒಂದು ಕಾರ್ಖಾನೆಗೆ ಅಂಥದ್ದೊಂದನ್ನು ನಾನು ಬರೆದುಕೊಟ್ಟಿದ್ದೆ. ವಜ್ರದ ಪ್ಯಾಕೆಟ್ ಕೈಯಿಂದ ಕೈಗೆ ಹೋಗುವಾಗಲೆಲ್ಲ ತೂಕ, ಹೊತ್ತು, ಹೆಸರು ದಾಖಲಾಗಬೇಕು. ಹೊಳಪು ಕೊಟ್ಟಾಗ ಕಲ್ಲು ಸವೆಯುತ್ತದೆ, ತೂಕ ಇಳಿಯುತ್ತದೆ. ಆದರೆ ಅಲ್ಲಿ ಇನ್ನೊಂದು ರೂಢಿಯಿದೆ. ಚಕ್ರದಿಂದ ಇಳಿದ ಕಲ್ಲನ್ನು ಆಸಿಡ್‌ನಲ್ಲಿ ಕುದಿಸಿ ತೊಳೆಯುವ ಮುಂಚೆಯೇ ತೂಗುತ್ತಾರೆ. ಕಲ್ಲಿಗೆ ಎಣ್ಣೆ ಅಂಟಿಯೇ ಇರುತ್ತದೆ. ಅದಕ್ಕಾಗಿ ಪ್ಯಾಕೆಟ್ಟಿಗೆ ನಾಲ್ಕು ಸೆಂಟ್ ‘ಎಣ್ಣೆಯ ತೂಕ’ ಎಂದು ಬಿಡುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಕ್ಯಾರಟ್.

ನಾನು ಬರೆದ ಸಾಲು ಇಷ್ಟೇ: ಕೊಟ್ಟ ತೂಕದಿಂದ ವಾಪಸಾದ ತೂಕ ಕಳೆ, ಎಣ್ಣೆಯ ತೂಕ ಕೂಡು. ಬಂದದ್ದು ನಿಜವಾದ ಸವೆತ. ಹಳೆಯ ಆವೃತ್ತಿಯಲ್ಲಿ ಮಧ್ಯದ ಉತ್ತರ ಸೊನ್ನೆಗಿಂತ ಕೆಳಗಿಳಿದರೂ ಕೂಡಿದ ಮೇಲೆ ಸರಿಯಾಗುತ್ತಿತ್ತು. ಹೊಸ ಆವೃತ್ತಿಯಲ್ಲಿ ಸೊನ್ನೆಗಿಂತ ಕೆಳಗಿಳಿದ ಕ್ಷಣದಲ್ಲೇ ಎಲ್ಲವೂ ನಿಂತುಹೋಗುತ್ತದೆ. ನಿಮ್ಮ ನಿರ್ಧಾರ ಸರಿಯಾದದ್ದೇ ಎಂದು ಒಪ್ಪುತ್ತೇನೆ. ಇದು ಅನೇಕ ಮೋಸಗಳನ್ನು ತಡೆದೀತು. ನನ್ನ ತಕರಾರು ಬೇರೆ. ಹಳೆಯ ಸಾಲನ್ನು ಯಂತ್ರದ ಭಾಷೆಗೆ ತಿರುಗಿಸುವ ನಿಮ್ಮ ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡದೆ ಒಪ್ಪಿಕೊಂಡಿತು. ಅಕ್ಷರಗಳು ಅವೇ, ಅರ್ಥ ಬೇರೆ. ಒಂದು ಪುಸ್ತಕದ ಹೊಸ ಅನುವಾದ ಬಂದರೆ ಹಳೆಯದು ಕಪಾಟಿನಲ್ಲಿ ಹಾಗೇ ಇರುತ್ತದೆ. ನೀವು ಮಾಡಿದ್ದು ಹಳೆಯ ಪುಟದಲ್ಲಿರುವ ಮಾತಿಗೇ ಹೊಸ ಅರ್ಥ ಕೊಟ್ಟ ಹಾಗೆ.

ಜಸುಬೆನ್ ಇಪ್ಪತ್ತೆರಡು ವರ್ಷದಿಂದ ಚಕ್ರದ ಮುಂದೆ ಕೂತವರು. ಒಂದೇ ಒಂದು ಮುಖ ತಿದ್ದಬೇಕಾದ ನಾಜೂಕಿನ ಕಲ್ಲುಗಳನ್ನು ಅವರಿಗೇ ಕೊಡುತ್ತಾರೆ, ಯಾಕೆಂದರೆ ಅವರು ಸವೆಸುವುದು ಅತಿ ಕಡಿಮೆ. ಅಂದು ಕೊಟ್ಟದ್ದು ಮುನ್ನೂರ ಹನ್ನೆರಡು ಸೆಂಟ್. ಎಣ್ಣೆ ಸೇರಿ ವಾಪಸಾದದ್ದು ಮುನ್ನೂರ ಹದಿಮೂರು. ಕಳೆದರೆ ಸೊನ್ನೆಗಿಂತ ಒಂದು ಕೆಳಗೆ, ನನ್ನ ಸಾಲು ನಿಂತಿತು. ನೆಟ್‌ವರ್ಕ್ ನಿಧಾನ ಎಂದುಕೊಂಡ ಕೌಂಟರಿನವನು ಪ್ಯಾಕೆಟ್ಟನ್ನು ತಟ್ಟೆಯಲ್ಲಿಟ್ಟು ಮುಂದಿನವರನ್ನು ಕರೆದ. ಸಂಜೆ ಪಟ್ಟಿ ನೋಡಿದರೆ ಪ್ಯಾಕೆಟ್ ಜಸುಬೆನ್ ಕೈಯಲ್ಲೇ ಇದೆ, ಜಸುಬೆನ್ ಮನೆಗೆ ಹೋಗಿದ್ದಾರೆ. ಬೆಳಿಗ್ಗೆ ಅದೇ ತಟ್ಟೆಯಲ್ಲಿ ಪ್ಯಾಕೆಟ್ ಸಿಕ್ಕಿತು. ಆಗ ಅವರ ಮೇಲಿನ ಅನುಮಾನ ಕರಗಬೇಕಿತ್ತಲ್ಲವೇ? ಇನ್ನಷ್ಟು ಬಲವಾಯಿತು: ರಾತ್ರಿ ಒಯ್ದು, ಕಲ್ಲು ಬದಲಾಯಿಸಿ, ಬೆಳಿಗ್ಗೆ ತಂದಿಟ್ಟಿದ್ದಾಳೆ! ಕೌಂಟರಿನವನಿಗೆ ಏನೂ ನೆನಪಿರಲಿಲ್ಲ. ಇಬ್ಬರು ಹೆಂಗಸರು ಜಸುಬೆನ್ ಅವರ ಜಡೆ ಬಿಚ್ಚಿಸಿ, ಬಾಚಣಿಗೆ ಆಡಿಸಿ ಹುಡುಕಿದರು. ಚಕ್ರದ ಮುಂದಿನ ಅವರ ಜಾಗ ಖಾಲಿಯಾಯಿತು.

ಇಲ್ಲೊಂದು ಮಾತನ್ನು ಗಮನಿಸಿ. ಅದೇ ತಿಂಗಳಲ್ಲಿ ಬೇಕಾಬಿಟ್ಟಿ ಸವೆಸಿದವರ ಪ್ಯಾಕೆಟ್‌ಗಳೆಲ್ಲ ಸರಾಗವಾಗಿ ದಾಟಿದವು. ನಮ್ಮಿಬ್ಬರ ಜಾಣ್ಮೆ ಸೇರಿ ಹಿಡಿದದ್ದು ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವರನ್ನು.

ಮ್ಯಾನೇಜರ್ ಫೋನ್ ಮಾಡಿದಾಗ ನಾನು, ಒಂದು ಸಲ ಪರೀಕ್ಷಿಸುತ್ತೇನೆ ಅಂದೆ. ಅವರು ನಕ್ಕರು.

“ಅರೇ ಮೇದಿನಿಬೆನ್, ಮನುಷ್ಯ ಸುಳ್ಳು ಹೇಳ್ತಾನೆ, ಇದು ಹೇಳಲ್ಲ ಅಂತ ಪ್ರೊಜೆಕ್ಟರ್ ಹಾಕಿ ತೋರಿಸಿದ್ದು ನೀವೇ. ಈಗ ನಿಮಗೇ ಭರೋಸಾ ಇಲ್ವಾ?”

ಹೇಳಿದ್ದು ಹೌದು. ಆ ಮಾತಿಗೆ ಅವರೆಲ್ಲ ಚಪ್ಪಾಳೆ ತಟ್ಟಿದ್ದೂ ಹೌದು.

ಈಗ ನನ್ನ ಪಾಲು. ಹಳೆಯ ಕರಾರಿನ ಬದಲು ಅವೇ ಸಾಲುಗಳನ್ನು ಹೊಸ ಆವೃತ್ತಿಯಲ್ಲಿ ಹೊಸದಾಗಿ ಕಟ್ಟಿ ಇಡುವ ದಿನ ಅಹಮದಾಬಾದಿನ ನಮ್ಮ ಆಫೀಸಿನಲ್ಲಿ ಪರೀಕ್ಷೆಯ ಕೆಲಸ ನೋಡುವ ಹೃಷಿಕೇಶ ನನ್ನನ್ನು ಕೇಳಿದ. ಸೂರತ್ತಿನಲ್ಲಿ ಉಡುಪಿ ಹೋಟೆಲ್ ನಡೆಸುವವರ ಮಗ ಅವನು.

“ಅಕ್ಕಾ, ಹೊಸ ಆವೃತ್ತಿ ಜೊತೆ ಬಂದ ಬದಲಾವಣೆ ಪಟ್ಟಿ ಪೂರಾ ಓದಿದ್ರಲ್ಲ? ಪಕ್ಕಾ?”

“ಓದಿದೆ.”

“ಹಾಗಾದ್ರೆ ಚಲೋ. ಕಾದಂಬರಿಯಲ್ಲಿ ಅನುವಾದಕರ ಟಿಪ್ಪಣಿ ಕೂಡ ಬಿಡದವರು ನೀವು. ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು.”

ನಾನು ಓದಿರಲಿಲ್ಲ. ಮೊದಲ ಪುಟ ನೋಡಿದ್ದೆ, ಕಂಪೈಲರ್ ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದುಕೊಂಡಿದ್ದೆ. ಎರಡು ಅನುವಾದಗಳನ್ನು ಅಕ್ಕಪಕ್ಕ ಇಟ್ಟು ಒಂದು ಅಲ್ಪವಿರಾಮಕ್ಕೆ ಅರ್ಧ ದಿನ ತಲೆ ಕೆಡಿಸಿಕೊಳ್ಳುವವಳಿಗೆ ನಿಮ್ಮ ಪಟ್ಟಿಗೆ ಮಾತ್ರ ಪುರುಸೊತ್ತಿರಲಿಲ್ಲ. ಒಂಬತ್ತನೆಯ ದಿನ ಹೃಷಿಕೇಶ ಅವೇ ಅಂಕಿಗಳನ್ನು ಎರಡೂ ಆವೃತ್ತಿಗಳಲ್ಲಿ ಓಡಿಸಿ ತಪ್ಪು ಹಿಡಿದ. ಎರಡೂ ಉತ್ತರಗಳನ್ನು ನನ್ನ ಮುಂದಿಟ್ಟ. ಸೂರತ್ತಿಗೆ ಹೋಗುವ ರೈಲಿನಲ್ಲಿ ಕೊನೆಗೂ ನಿಮ್ಮ ಪಟ್ಟಿ ತೆರೆದೆ. ಅಹಮದಾಬಾದಿನಲ್ಲಿ ಶುರು ಮಾಡಿದ್ದು ವಡೋದರಾ ಬರುವುದರೊಳಗೆ ಮುಗಿದಿತ್ತು. ಆ ಬದಲಾವಣೆ ನಲವತ್ತೊಂದನೆಯದು. ಅದಕ್ಕೆ ನೀವು ಕೊಟ್ಟ ಜಾಗ ಒಂದು ಸಾಲು. ಅದರ ಮೇಲೆ ಹೊಸ ಲಾಂಛನದ ಬಣ್ಣದ ಬಗ್ಗೆ ಮೂರು ಪ್ಯಾರಾ.

ಕಾರ್ಖಾನೆಯಲ್ಲಿ ಚಕ್ರಗಳನ್ನು ನಿಲ್ಲಿಸಲು ಹೇಳಿ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ಹೇಳಿಕಳಿಸಿದ್ದರಿಂದ ಜಸುಬೆನ್ ಬಂದು ಬಾಗಿಲ ಬಳಿ ನಿಂತಿದ್ದರು.

“ತೇಂ ವಾಂಚ್ಯು ನಹೋತು?” ಎಂದರು. ಓದಿರಲಿಲ್ಲವಾ ನೀನು?

“ಇಲ್ಲ ಮಾಸಿ.”

“ನನಗೆ ಓದೋಕೆ ಬರಲ್ಲ ದೀಕರಿ, ಮಗಳೇ. ಆದರೆ ಐಗ್ಲಾಸ್ ಕಣ್ಣಿಗಿಟ್ಟು ಒಂದೊಂದು ಕಲ್ಲನ್ನೂ ತಿರುಗಿಸಿ ನೋಡದೆ ನಾನು ಯಾವ ಪ್ಯಾಕೆಟ್ಟನ್ನೂ ವಾಪಸ್ ಕೊಟ್ಟಿಲ್ಲ.”

ಮ್ಯಾನೇಜರ್ ಚಹಾ ತರಿಸಿದರು. ಜಸುಬೆನ್ ಕುಡಿಯಲಿಲ್ಲ.

ಪ್ಯಾಕೆಟ್ಟಿನ ಕಲ್ಲುಗಳನ್ನು ತೊಳೆಸಿ, ಮತ್ತೆ ತೂಗಿ, ಎಣ್ಣೆಯ ತೂಕ ಸೊನ್ನೆ ಎಂದು ಹಾಕಿ ದಾಖಲೆಯನ್ನು ಮುಗಿಸಿದೆವು. ಜಸುಬೆನ್‌ಗೆ ತಮ್ಮ ಜಾಗ ಸಿಕ್ಕಿದೆ. ಆದರೆ ದಿನಾಂಕ ತಿದ್ದಲಾಗದು. ಆ ಪ್ಯಾಕೆಟ್ ಒಂಬತ್ತು ದಿನ ತಡವಾಗಿ ಬಂತೆಂದು ದಾಖಲೆ ಎಂದೆಂದಿಗೂ ಹೇಳುತ್ತಿರುತ್ತದೆ. ಆ ಬೀದಿಯ ಇತರ ಕಾರ್ಖಾನೆಗಳೂ ಕೆಲಸ ಕೊಡುವ ಮುಂಚೆ ಅದನ್ನೇ ನೋಡುತ್ತವೆ. ನಾಳೆ ಈ ಕಾರ್ಖಾನೆ ಮುಚ್ಚಿದರೆ ಅವರ ಪರವಾಗಿ ಸಾಕ್ಷಿ ಹೇಳುವವರು ಯಾರು?

ಆದ್ದರಿಂದ ನನ್ನ ಬೇಡಿಕೆ. ಅರ್ಥ ಬದಲಾದ ಪ್ರತಿಯೊಂದು ಸಾಲಿನಲ್ಲೂ ನಿಮ್ಮ ಕಂಪೈಲರ್ ನಿಲ್ಲಲಿ. ಬರೆದವರು ‘ಬಲ್ಲೆ’ ಎಂದು ಗುರುತು ಹಾಕುವವರೆಗೆ ಮುಂದೆ ಹೋಗದಿರಲಿ. ನನ್ನಂಥವರನ್ನು ನಂಬಬೇಡಿ. ಇನ್ನೊಂದು, ನಿಮ್ಮ ಪಟ್ಟಿಯೂ ಅಳಿಸದೆ ಉಳಿಯುವಂಥದ್ದು. ನಲವತ್ತೊಂದನೆಯ ಬದಲಾವಣೆಯ ಕೆಳಗೆ, ಇದರಿಂದ ಒಬ್ಬರ ದಾಖಲೆಯಲ್ಲಿ ತಪ್ಪು ದಿನಾಂಕ ಉಳಿದಿದೆ, ಅವರು ನಿರ್ದೋಷಿ ಎಂದು ಸೇರಿಸಿ. ಹೆಸರು ಹಾಕಬಹುದೇ ಎಂದು ಅವರನ್ನು ಕೇಳಿದ್ದೇನೆ.

“ಹಾಕು. ಪೂರ್ತಿ ಹಾಕು,” ಎಂದರು. “ನಮ್ಮ ಮಹಡಿಯಲ್ಲೇ ನಾಲ್ಕು ಜನ ಜಸು ಇದ್ದೀವಿ. ಯಾವ ಜಸು ಕಳ್ಳಿಯಲ್ಲ ಅಂತ ಗೊತ್ತಾಗಬೇಕಲ್ಲ?”

ಬರೆದುಕೊಳ್ಳಿ: ಜಸುಬೆನ್ ಘುಸಾಭಾಯಿ ವಘಾಸಿಯಾ, ಎರಡನೆಯ ಮಹಡಿ, ಹದಿನೇಳನೆಯ ಚಕ್ರ.

ಇಂತಿ,
ನೀವು ಬದಲಾಯಿಸಿದ ಸಾಲನ್ನು ಬರೆದವಳು,
ಮೇದಿನಿ
ಸ್ಯಾಟಲೈಟ್ ಬಡಾವಣೆ, ಅಹಮದಾಬಾದ್