ಅವ್ವ ತಿಕ್ಕಿದ ಕಾಲು

ರೋಣ, ದವಾಖಾನೆಯಿಂದ
೧೧ ಸೆಪ್ಟೆಂಬರ್ ೨೦೨೪, ಬುಧವಾರ

ನನ್ನ ಮನೆಯವರಿಗೆ,

ಗಾಡಿಯಲ್ಲಿ ಏನಾದರೂ ತಿಂದಿರಾ? ಗೋವಾದ ಮಳೆಗೆ ಹತ್ತಿದ ಕೆಮ್ಮು ಇಳಿಯಿತೇ? ಕೂಸು ಚೆನ್ನಾಗಿದ್ದಾಳೆ. ಮೂಗು ಮಾತ್ರ ನಿಮ್ಮದೇ, ಪಾಪ. ನೀವು ಹೊರಟಿದ್ದೀರೆಂದು ನಮ್ಮ ಅಣ್ಣ ಸಿದ್ದಾರೂಢ ಹೇಳಿದ. ನಾಲ್ಕು ಮಾತಾಡಿದರೆ ನನಗೆ ದಮ್ಮು ಹತ್ತುತ್ತದೆ, ನೀವು ಮುಟ್ಟುವ ಹೊತ್ತಿಗೆ ಬಾಯಲ್ಲಿ ಮಾತಿರುತ್ತದೋ ಇಲ್ಲವೋ. ಅದಕ್ಕೇ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಅಣ್ಣ ಇದನ್ನು ನಿಮ್ಮ ಕೈಗೆ ಕೊಡುತ್ತಾನೆ.

ನಮ್ಮ ತವರು ಹೊಳೆಆಲೂರಿನ ಬಾಣಂತನ ನಿಮಗೆ ಗೊತ್ತಲ್ಲ. ಹೊರಸಿನಿಂದ ಇಳಿಯುವಂತಿಲ್ಲ, ಕೆಳಗೆ ಕೆಂಡದ ಶೇಗಡಿ, ಬಾಯಿ ಒಣಗಿ ಸತ್ತರೂ ನೀರು ಒಂದೇ ಗುಟುಕು. ಹಾಗಿರುವಾಗ ಎಡಗಾಲು ಬಾತಿತು. "ಬಾಣಂತಿ ಮೈಯಾಗ ಗಾಳಿ ಹೊಕ್ಕೈತಿ, ಎಣ್ಣಿ ಹಚ್ಚಿ ತಿಕ್ಕಿದ್ರ ಇಳೀತೈತಿ" ಅಂದಳು ಅವ್ವ. ದಿನಾ ಬಿಸಿ ಎಣ್ಣೆ ಹಚ್ಚಿ ಮೀನಖಂಡ ಹಿಡಿದು ಮೇಲಕ್ಕೆ ತಿಕ್ಕುವಳು. ನೋವಿಗೆ ನಾನು ಬೈದರೆ "ಸೊಕ್ಕು ಭಾಳ ಆಗೇತಿ ನಿನಗ" ಎಂದು ಇನ್ನೂ ಜೋರು. ಮೊನ್ನೆ ಬಾವು ತುಸು ಇಳಿಯಿತು, ಅವ್ವ ಗೆದ್ದೆ ಅಂದುಕೊಂಡಳು. ಅವತ್ತೇ ಎದೆಯಲ್ಲಿ ಚುಚ್ಚಿ ಉಸಿರು ಕಟ್ಟಿತು.

ಇಲ್ಲಿ ಕಾಲಿಗೆ ಸ್ಕ್ಯಾನ್ ಮಾಡಿದರು, ಬಸಿರಿನಲ್ಲಿ ಕೂಸನ್ನು ನೋಡಿದಂಥದೇ ಯಂತ್ರ. ಸ್ನಾಯು ಹರಿದರೂ, ಕೀವು ಕಟ್ಟಿದರೂ, ಮೊಣಕಾಲ ಹಿಂದೆ ನೀರಿನ ಗುಳ್ಳೆ ಒಡೆದರೂ ಕಾಲು ಹೀಗೇ ಬಾಯುತ್ತದಂತೆ, ಬರಿಗಣ್ಣಿಗೆ ಭೇದ ತಿಳಿಯುವುದಿಲ್ಲವಂತೆ. ಅವುಗಳಲ್ಲಿ ಒಂದಾಗಿರಲಿ ಎಂದು ಎಲ್ಲಮ್ಮನನ್ನು ಬೇಡಿಕೊಂಡೆ. ಡಾಕ್ಟರಬಾಯಿ ತೊಡೆಯ ಮೇಲೆ ಯಂತ್ರ ಒತ್ತಿ, "ನೋಡವಾ, ಚಲೋ ರಕ್ತನಾಳ ಒತ್ತಿದ್ರ ಚಪ್ಪಟಿ ಆಗ್ತದ. ಇದು ಆಗವಲ್ದು" ಅಂದರು. ಒಳಗೆ ರಕ್ತ ಹೆಪ್ಪುಗಟ್ಟಿದೆ. ಅದರ ಚೂರೊಂದು ಪುಪ್ಪುಸಕ್ಕೆ ಹೋಗಿದೆ. ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸ್ ಬರುತ್ತಿದೆ. ನಾನು ಉಳಿಯುತ್ತೇನೆಂದು ನನಗೆ ಅನ್ನಿಸುವುದಿಲ್ಲರೀ. ಕೂಸಿಗೆ ಇನ್ನೂ ನನ್ನ ಮುಖದ ಗುರುತು ಹತ್ತಿಲ್ಲ, ಅದನ್ನು ನೆನೆದರೆ ಅಳು ತಡೆಯುವುದಿಲ್ಲ.

ಅತ್ತೆಯವರಿಗೆ ನನ್ನ ಶರಣು ಮುಟ್ಟಿಸಿರಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ಅನ್ನಪೂರ್ಣಾ

ತಾ.ಕ.: ಆಂಬುಲೆನ್ಸ್ ಬಂತು. ಕಾಲು ಯಾರಾದರೂ ತಿಕ್ಕಿದ್ದರೇ ಎಂದು ಡಾಕ್ಟರಬಾಯಿ ಕೇಳಿದರು. ತಿಕ್ಕಿದರೆ ಹೆಪ್ಪು ಕಿತ್ತು ಎದೆಗೆ ಏರಬಹುದಂತೆ. ಅವ್ವ ಕೂಸನ್ನೆತ್ತಿಕೊಂಡು ಹೊರಗಿದ್ದಳು. ಯಾರೂ ತಿಕ್ಕಿಲ್ಲ ಅಂದೆ. ನಾನು ಇದ್ದರೂ ಇಲ್ಲದಿದ್ದರೂ, ಯಾರು ಕೇಳಿದರೂ ನೀವು ಅದನ್ನೇ ಹೇಳಿರಿ. ನಾಳೆ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಅವ್ವನೇ, ಅವಳ ಕೈ ನಡುಗಬಾರದು.