ಬಾಗದ ಕೋಲು

ಪಿಕೆನ್ಸ್ ದಡ, ಅಲಬಾಮಾ
ಸೋಮವಾರ, ಮಾರ್ಚ್ 14, 1994

ಮುದ್ದಿನ ವೈನೆಲ್‌ಗೆ,

ನಿನ್ನ ಹಾಯ್ಟ್ ದೊಡ್ಡಪ್ಪನ ತುಂಬು ಮನಸ್ಸಿನ ಆಶೀರ್ವಾದ. ನಾನೂ ನಿನ್ನ ಮೇವಿಸ್ ದೊಡ್ಡಮ್ಮನೂ ಬದುಕಿದ್ದೇವೆ, ಅವಳು ನನಗಿಂತ ಚೆನ್ನಾಗಿ. ನಿನ್ನ ಕಾಗದ ಬಂದು ಮೂರು ವಾರವಾಯಿತು. ದೊಡ್ಡಪ್ಪ ಮರೆತ ಎಂದು ಮುನಿಸಿಕೊಳ್ಳಬೇಡ. ಬಲಗೈಯ ಎರಡು ಬೆರಳು ಮುರಿದು ಪಟ್ಟಿ ಕಟ್ಟಿಸಿಕೊಂಡಿದ್ದೇನೆ. ದೊಡ್ಡಮ್ಮನ ಕೈಯಲ್ಲಿ ಬರೆಸೋಣವೆಂದರೆ ಅವಳು ಸಾಲುಸಾಲಿಗೂ, "ಇದು ಸುಳ್ಳು, ನಾನು ಬರೆಯಲ್ಲ" ಎಂದು ಪೆನ್ನು ಕೆಳಗಿಡುತ್ತಾಳೆ. ಕಡೆಗೆ ಉಳಿದ ಮೂರು ಬೆರಳಲ್ಲೇ ಕೂತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗೆ ಕಂಡರೆ ಆರನೇ ತರಗತಿಗೆ ಶಾಲೆ ಬಿಟ್ಟವನು ಎಂದುಕೊಂಡು ಓದು.

ಬೆರಳು ಮುರಿದದ್ದು ನಿನ್ನಿಂದಲೇ, ತಾಯಿ. ಹೊಸದಾಗಿ ಬಾಸ್ ಮೀನು ಹಿಡಿಯಲು ಹೊರಟವರಿಗೆ ಒಳ್ಳೆಯ ಗಾಳದ ಕೋಲೇ ಬೇಕೋ, ಯಾವುದಾದರೂ ನಡೆಯುತ್ತದೋ ಎಂದು ಕೇಳಿದ್ದೆಯಲ್ಲ? ಈ ಸರೋವರದಲ್ಲಿ ನನಗಿಂತ ದೊಡ್ಡ ಪಂಡಿತನಿಲ್ಲ ಎನ್ನುವುದು ನಿನಗೂ ಗೊತ್ತು, ಮೀನಿಗೂ ಗೊತ್ತು. ಆದರೂ ನಾಲ್ಕು ಜನರ ಮುಂದೆ ಓದಿದರೆ ನನ್ನ ಗತ್ತು ಹೆಚ್ಚೀತೆಂದು ಕಾಗದವನ್ನು ಜೇಬಿಗಿಟ್ಟುಕೊಂಡು ಓಪಲ್‌ಳ ಎರೆ ಅಂಗಡಿಗೆ ಹೋದೆ. ಓಪಲ್ ಕೋಲುಗಳ ಧೂಳು ಒರೆಸುತ್ತಿದ್ದಳು. ಕ್ಲೀಟಸ್ ಎಂದಿನಂತೆ ಒಲೆಯ ಪಕ್ಕ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದ.

"ಬೇಕು ಮತ್ತೆ!" ಎಂದಳು ಓಪಲ್. "ಕಲಿಯೋವಾಗ್ಲೇ ಕೆಟ್ಟ ಕೋಲು ಹಿಡಿದ್ರೆ ಮೀನು ಕಚ್ಚಿದ್ದೋ ಕಲ್ಲು ತಾಗಿದ್ದೋ ಗೊತ್ತಾಗಲ್ಲ. ಹುಡುಗಿಗೆ ಬೇಜಾರು ಬಂದು ಬಿಟ್ಟುಬಿಡ್ತಾಳೆ."

"ಮಾರೋಳನ್ನ ಕೇಳಿದ್ರೆ ಇನ್ನೇನು ಹೇಳ್ತಾಳೆ?" ಎಂದು ಕ್ಲೀಟಸ್ ಸಿಪ್ಪೆ ಉಗಿದ. "ನಮ್ಮಪ್ಪ ಬಿದಿರುಕಡ್ಡಿ ಹಿಡ್ಕೊಂಡು ಒಂಬತ್ತು ಮಕ್ಕಳ ಹೊಟ್ಟೆ ತುಂಬಿಸಿದ."

"ತುಂಬಿದ್ದು ಹೊಟ್ಟೆ ಮಾತ್ರ, ತಲೆ ಖಾಲಿನೇ ಉಳೀತು," ಎಂದಳು ಓಪಲ್.

ನಾವಿಬ್ಬರೂ ನಕ್ಕೆವು. ನಾನು ತುಸು ಹೆಚ್ಚೇ ನಕ್ಕೆ. ಕ್ಲೀಟಸ್‌ಗೆ ಉರಿಯಿತು. ಎದ್ದು ನಿಂತು, "ನಗ್ತೀಯೇನೋ ಹಾಯ್ಟ್? ಅಗ್ಗದ ಕೋಲು ಕೊಟ್ಟು ಒಡಹುಟ್ಟಿದ ತಮ್ಮನ ಕಣ್ಣು ಕೀಳಿಸಿದೋನು ನೀನು. ಮುರಿದ ತುಂಡನ್ನ ನೀರಿಂದ ಎತ್ತಿದ್ದು ಇದೇ ಕೈ. ನಿನಗ್ಯಾಕೋ ಕೋಲಿನ ಮಾತು?" ಎಂದ.

ನನ್ನ ಕೈ ನನ್ನನ್ನು ಕೇಳಲಿಲ್ಲ. ಮೊದಲನೇ ಏಟಿಗೆ ಅವನ ಮೂಗಿನಿಂದ ರಕ್ತ ಚಿಮ್ಮಿ ಓಪಲ್‌ಳ ಕ್ಯಾಲೆಂಡರ್ ಕೆಂಪಾಯಿತು. ಅವನು ಸ್ಟೂಲು ಎತ್ತಿ ನನ್ನ ಪಕ್ಕೆಗೆ ಬೀಸಿದ. ಇಬ್ಬರೂ ಮರಿಮೀನಿನ ತೊಟ್ಟಿಯ ಮೇಲೆ ಬಿದ್ದೆವು. ಗಾಜು ಒಡೆದು ನೆಲದ ತುಂಬ ನೀರು, ರಕ್ತ, ಒದ್ದಾಡುವ ಮೀನು. ಅವನ ತಲೆಗೂದಲು ಹಿಡಿದು ನೆಲಕ್ಕೆ ಮೂರು ಸಲ ಕುಟ್ಟಿದೆ. ಅವನು ನನ್ನ ಕಿವಿ ಕಚ್ಚಿದ. ಓಪಲ್ ಪೊರಕೆಯಲ್ಲಿ ಇಬ್ಬರಿಗೂ ಸಮನಾಗಿ ಬಾರಿಸುತ್ತ, "ಮುದಿ ಗೂಳಿಗಳಾ, ಹೊರಗೆ ಹೋಗಿ ಸಾಯ್ರೋ!" ಎಂದು ಕಿರುಚುತ್ತಿದ್ದಳು. ನಾಲ್ಕು ಜನರನ್ನು ಮಲಗಿಸಿದೆ ಎಂದು ನಾನು ಊರಲ್ಲಿ ಹೇಳಿದ್ದೇನೆ. ದೊಡ್ಡಮ್ಮ ಒಬ್ಬನೇ ಎನ್ನುತ್ತಾಳೆ. ಬೆರಳು ಮುರಿದದ್ದು ಅವನು ತಲೆ ತಗ್ಗಿಸಿದಾಗ ಗೋಡೆಗೆ ಗುದ್ದಿದ್ದರಿಂದ ಎಂದೂ ಎನ್ನುತ್ತಾಳೆ. ಹೆಂಗಸರು ಹಾಗೆಯೇ.

ಮನೆಗೆ ಬಂದು, ಕಿವಿಗೆ ಮಂಜುಗಡ್ಡೆ ಒತ್ತಿಕೊಂಡು, ನಿನ್ನ ಕಾಗದವನ್ನು ಮತ್ತೆ ಓದಿದೆ. ಆಗಲೇ ನನಗೆ ನಿಜವಾದ ಏಟು ಬಿದ್ದದ್ದು. ಪಟ್ಟಣದ ಅಂಗಡಿಯಲ್ಲಿ ಒಂದು ಕಪ್ಪು ಕೋಲು ನೋಡಿಟ್ಟಿದ್ದೀಯ, ಈಟಿಯ ಹಾಗೆ ನೆಟ್ಟಗಿದೆ, ತುದಿ ಹಿಡಿದು ಎಳೆದರೂ ಬಾಗುವುದಿಲ್ಲ ಎಂದು ಬರೆದಿದ್ದೀಯ. ಹದಿನೇಳು ವರ್ಷದಿಂದ ದೋಣಿ ಹತ್ತದ ನಿನ್ನಪ್ಪ ಇದೇ ಇಪ್ಪತ್ತಾರನೇ ತಾರೀಕು ಶನಿವಾರ ನಿನ್ನ ಜೊತೆ ಹತ್ತಲು ಒಪ್ಪಿದ್ದಾನೆ. ಒಂದೇ ಷರತ್ತು: "ಅಂಗಡೀಲಿರೋ ಅತಿ ಒಳ್ಳೇ ಕೋಲು ತಗೋ. ಅಗ್ಗದ್ದು ಮುರಿದೇ ನನ್ನ ಕಣ್ಣು ಹೋಗಿದ್ದು."

ವೈನೆಲ್, ಆ ಕಪ್ಪು ಕೋಲನ್ನು ಕೊಳ್ಳಬೇಡ. ಕೊಂಡಿದ್ದರೆ ದೋಣಿಗೆ ಹತ್ತಿಸಬೇಡ. ನಿನ್ನಪ್ಪನಿಗೆ ಉಳಿದಿರುವುದು ಒಂದೇ ಕಣ್ಣು. ಅದು ಅವತ್ತು ನಿನ್ನಿಂದ ನಾಲ್ಕು ಮೊಳ ದೂರದಲ್ಲಿ ಕೂತಿರುತ್ತದೆ.

ಅವನು ಹೇಳುವುದು ನಡೆದ ಕಥೆಯಲ್ಲ. ನಡೆದದ್ದನ್ನು ನಾನು ಹೇಳುತ್ತೇನೆ.

1977ರ ಏಪ್ರಿಲ್. ನಮ್ಮ ಸಂಘದ ಪಂದ್ಯ. ಜೋಡಿಗೊಂದು ದೋಣಿ, ಹಿಡಿದ ಮೀನನ್ನು ಮೂರು ಗಂಟೆಗೆ ದಡದ ತೂಕದ ಕಟ್ಟೆಗೆ ತರಬೇಕು. ನನ್ನ ಜೋಡಿಯವನು ಹಿಂದಿನ ದಿನ ಯಾರದೋ ದವಡೆ ಒಡೆದು ಜೈಲಲ್ಲಿದ್ದ. ನಿನ್ನಪ್ಪನನ್ನು ಎಳೆದುಕೊಂಡು ಹೋದೆ. ಡೆಲ್ಮರ್ ಬಾಸ್ ಹಿಡಿದವನೇ ಅಲ್ಲ. ನಿನ್ನಮ್ಮ ಹುಟ್ಟುಹಬ್ಬಕ್ಕೆ ಕೊಡಿಸಿದ್ದ ಗಾಜಿನೆಳೆಯ ಕೋಲೊಂದನ್ನು ಎದೆಗವಚಿಕೊಂಡು ಬಂದ. ಅಗ್ಗದ್ದು, ಹಳದಿ ಬಣ್ಣದ್ದು, ಹಸಿ ಬಿದಿರಿನ ಹಾಗೆ ಬಳುಕುತ್ತಿತ್ತು.

"ಇದೇನೋ, ದನ ಹೊಡೆಯೋ ಕೋಲಾ?" ಎಂದೆ.

"ನನಗೆ ಇದೇ ಸಾಕು ಕಣೋ."

"ನನ್ನ ದೋಣೀಲಿ ಸಾಲಲ್ಲ. ನೋಡಿದೋರು ನಗ್ತಾರೆ."

ಅವನ ಕೈಯಿಂದ ಕಿತ್ತುಕೊಂಡು ಮೊಣಕಾಲ ಮೇಲಿಟ್ಟು ಲಟಕ್ಕನೆ ಮುರಿದು ನೀರಿಗೆಸೆದೆ. ತಮಾಷೆಗೆ. ಅವನ ಮುಖ ಬಿಳಿಚಿಕೊಂಡಿತು. ನಾನು ನಗುತ್ತ ನನ್ನ ಕಪ್ಪು ಕೋಲುಗಳಲ್ಲಿ ಒಂದನ್ನು ಕೊಟ್ಟೆ. ಆಗಷ್ಟೇ ಬಂದಿದ್ದ ಇಂಗಾಲದೆಳೆಯ ಕೋಲು, ನಮ್ಮ ಸೀಮೆಯಲ್ಲಿ ಅಂಥವನ್ನು ಇಟ್ಟುಕೊಂಡವನು ನಾನೊಬ್ಬನೇ. ಉಕ್ಕಿನ ಸರಳಿನ ಹಾಗೆ ಬಿಗಿ. ಅದಕ್ಕೆ ಎರೆಯಾಗಿ ಕಟ್ಟಿದ್ದು ಮರದ ಸುಳ್ಳು ಮೀನು, ಹೊಟ್ಟೆಗೊಂದು ಬಾಲಕ್ಕೊಂದು ಮುಮ್ಮುಳ್ಳಿನ ಕೊಕ್ಕೆ.

ಹನ್ನೊಂದರ ಹೊತ್ತಿಗೆ ಮುಳುಗಿದ ಓಕ್ ಬುಡದ ಹತ್ತಿರ ಅವನಿಗೆ ಮೀನು ಬಿತ್ತು. "ಹಾಯ್ಟ್! ಹಾಯ್ಟ್! ಹಂದಿ ಕಣೋ, ಹಂದಿಯಂಥ ಮೀನು!" ಎಂದು ಕೂಗಿದ. ಆರು ಪೌಂಡಿಗೆ ಕಮ್ಮಿಯಿಲ್ಲ. ನಮ್ಮ ಸಂಘದಲ್ಲಿ ಗಾಳಕ್ಕೆ ಬಿದ್ದ ಮೀನೆತ್ತಲು ಬಲೆ ಮುಟ್ಟುವವನನ್ನು ಗಂಡಸೆಂದು ಲೆಕ್ಕಕ್ಕಿಡುವುದಿಲ್ಲ. ಬಳುಕುವ ಕೋಲಾಗಿದ್ದರೆ ಮೀನನ್ನು ದೋಣಿಯ ಪಕ್ಕಕ್ಕೆ ತಂದು, ಸುಸ್ತು ಮಾಡಿಸಿ, ಬಗ್ಗಿ ದವಡೆ ಹಿಡಿಯಲೇಬೇಕಿತ್ತು. ಬಿಗಿ ಕೋಲಿಗೆ ಆ ತಾಳ್ಮೆ ಬೇಡ, ಒಂದೇ ಎತ್ತಿಗೆ ಮೀನು ದೋಣಿಯೊಳಗೆ. ನಾನು ಕಿರುಚಿದೆ: "ಎತ್ತೋ! ಎತ್ತಿ ಒಳಗೆಸೆಯೋ!"

ಎತ್ತಿದ. ಮೀನು ಕವಣೆಯಿಂದ ಬಿಟ್ಟ ಕಲ್ಲಿನ ಹಾಗೆ ಹಾರಿ ಬಂದು ಅವನ ಮುಖಕ್ಕೆ ಅಪ್ಪಳಿಸಿತು. ಸುಳ್ಳು ಮೀನಿನ ಬಾಲದ ಕೊಕ್ಕೆ ಬಾಸಿನ ಬಾಯಲ್ಲಿತ್ತು, ಹೊಟ್ಟೆಯ ಕೊಕ್ಕೆ ಅವನಿಗೆ ಸಿಕ್ಕಿಕೊಂಡಿತು. ಆರು ಪೌಂಡಿನ ಜೀವ ನಿನ್ನಪ್ಪನ ಮುಖದಿಂದ ನೇತಾಡುತ್ತ, ಒಂದೊಂದು ಸಲ ಬಾಲ ಬಡಿದಾಗಲೂ ಚರ್ಮವನ್ನು ಟೆಂಟಿನ ಬಟ್ಟೆಯ ಹಾಗೆ ಎಳೆಯುತ್ತಿತ್ತು. ರಕ್ತ ಅವನ ಬಾಯಿಗೂ ಮೀನಿನ ಬಾಯಿಗೂ ಒಟ್ಟಿಗೇ ಹರಿಯಿತು. ಅವನ ಕೂಗನ್ನು ಈ ಕಾಗದದಲ್ಲಿ ಬರೆಯಲಾರೆ. ಹೇಗೋ ಮೀನನ್ನು ಬಿಡಿಸಿದೆ. ಅವನು ಹುಟ್ಟು ಎತ್ತಿ ನನ್ನ ಬಾಯಿಗೆ ಬಾರಿಸಿದ. ನನ್ನ ಮುಂದಿನ ಎರಡು ಹಲ್ಲು ಹೋದದ್ದು ಆಗಲೇ, ನಾನು ಹೇಳಿಕೊಂಡು ಬಂದ ಹಾಗೆ ಕಳ್ಳಭಟ್ಟಿಯವರ ಜೊತೆ ಹೊಡೆದಾಡಿ ಅಲ್ಲ.

ಆಸ್ಪತ್ರೆಯಲ್ಲಿ ಎಡಗಣ್ಣು ತೆಗೆದರು. ಏನಾಯಿತು ಎಂದು ಡಾಕ್ಟರು ಕೇಳಿದಾಗ ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ಮಂಚದ ಪಕ್ಕದಲ್ಲಿದ್ದೆ. ಡೆಲ್ಮರ್ ನನ್ನತ್ತ ತಿರುಗದೆ ಹೇಳಿದ: "ನನ್ನ ಕೋಲು ಅಗ್ಗದ್ದು ಸಾರ್. ಮುರಿದು ಸಿಡೀತು." ಅಷ್ಟರಲ್ಲಿ ಕ್ಲೀಟಸ್ ನೀರಲ್ಲಿ ತೇಲುತ್ತಿದ್ದ ಹಳದಿ ತುಂಡುಗಳನ್ನು ದಡಕ್ಕೆ ತಂದಿದ್ದ. ಊರು ನಂಬಿತು. ನಾನೂ ಬಾಯಿ ಬಿಡಲಿಲ್ಲ. ಕೋಲು ಕೊಟ್ಟವನೇ ನಾನೆಂದು ಯಾರೋ ಕಥೆ ಬೆಳೆಸಿದರು, ಅದನ್ನೂ ಸಹಿಸಿದೆ. ಅಂದಿನಿಂದ ನಾನೂ ಅವನೂ ಒಂದು ಮಾತೂ ಆಡಿಲ್ಲ. ಅದೇ ಸುಳ್ಳನ್ನು ಹೇಳಿ ಹೇಳಿ ಅವನೇ ನಂಬಿಬಿಟ್ಟಿದ್ದಾನೋ ಏನೋ. ಒಂದೇ ದಿನ ಗಾಳ ಹಿಡಿದವನಿಗೆ ಬಿಗಿಗೂ ಬಳುಕಿಗೂ ಇರುವ ವ್ಯತ್ಯಾಸ ಹೇಗೆ ತಿಳಿದೀತು? ಈಗ ಆ ಸುಳ್ಳೇ ಅಂಗಡಿಗೆ ಹೋಗಿ ನಿನಗೆ ಕೋಲು ಆರಿಸುತ್ತಿದೆ.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ, ಮಗಳೇ. ದುಬಾರಿ ಕೋಲು ಬೇಡ. ಮುಮ್ಮುಳ್ಳಿನ ಕೊಕ್ಕೆಗೆ ಗಾಜಿನೆಳೆಯ ಸಾಧಾರಣ ಕೋಲು ತಗೋ, ನಿನ್ನ ಎತ್ತರಕ್ಕಿಂತ ಒಂದು ಗೇಣು ಹೆಚ್ಚು. ಅಂಗಡಿಯ ಸೂರಿಗೆ ತುದಿಯೊತ್ತಿ ನೋಡು, ಅರ್ಧದವರೆಗೂ ಬಿಲ್ಲಿನ ಹಾಗೆ ಬಾಗಬೇಕು. ದಾರ ಹಾಯುವ ಬಳೆಗಳೊಳಗೆ ಹಳೆಯ ಕಾಲುಚೀಲ ಎಳೆದು ನೋಡು, ನೂಲು ಸಿಕ್ಕಿಕೊಂಡರೆ ಅದು ಕಸ. ಓಪಲ್ ಹೇಳಿದ್ದೂ ಅರ್ಧ ನಿಜ, ಕ್ಲೀಟಸ್ ಹೇಳಿದ್ದೂ ಅರ್ಧ ನಿಜ. ಹಾಗೆಂದು ಅವನಿಗೆ ಹೇಳಬೇಡ. ಬಲೆ ತಗೊಂಡು ಹೋಗು. ಯಾವನಾದರೂ ನಕ್ಕರೆ ಹೆಸರು ಬರೆದು ಕಳಿಸು, ಬೆರಳು ಕೂಡಿದ ಮೇಲೆ ವಿಚಾರಿಸಿಕೊಳ್ಳುತ್ತೇನೆ. ಯಾವ ಕಾರಣಕ್ಕೂ ಮೀನನ್ನು ಎತ್ತಿ ಒಳಗೆಸೆಯಬೇಡ.

ದೊಡ್ಡಮ್ಮ ಜೋಳದ ರೊಟ್ಟಿ ಕಟ್ಟಿಕೊಡುತ್ತಾಳಂತೆ, ದಾರಿಯಲ್ಲಿ ನಿಂತು ತಗೊಂಡು ಹೋಗು. ನಾನು ಹಟ್ಟಿಯ ಹಿಂದಿರುತ್ತೇನೆ, ನಿನ್ನಪ್ಪನಿಗೆ ಮುಜುಗರವಾಗದಿರಲಿ. ಜನರ ಕೂದಲಿಗೆ ಕತ್ತರಿ ಹಿಡಿಯುವ ನಿನ್ನ ಕೈಗೆ ಕೋಲೂ ಒಲಿಯಲಿ. ಗಾಳಿ ತಣ್ಣಗಿರಲಿ, ನೀರು ನಿನಗೆ ಕೊಡಲಿ, ಹೋದ ಇಬ್ಬರೂ ಹೋದ ಹಾಗೆಯೇ ಬನ್ನಿ.

ನಿನ್ನ ಪ್ರೀತಿಯ ದೊಡ್ಡಪ್ಪ,
ಹಾಯ್ಟ್ ಪ್ಲಂಕೆಟ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. "ಹೇಗೋ ಬಿಡಿಸಿದೆ" ಎಂದೆನಲ್ಲ, ಹೇಗೆ ಎಂದು ಕೇಳು. ಕೊಕ್ಕೆ ಸಿಕ್ಕಿದ್ದು ಕಣ್ಣಿಗಲ್ಲ. ಕೆನ್ನೆಗೆ, ಕಣ್ಣಿಗಿಂತ ಎರಡು ಬೆರಳು ಕೆಳಗೆ. ನಿನ್ನಪ್ಪ ಕೂಗು ನಿಲ್ಲಿಸಿ, ಮೀನನ್ನು ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿದು, ಅಲುಗಾಡದೆ ನಿಂತಿದ್ದ. "ಹಾಯ್ಟ್, ಇಕ್ಕಳ ತಗೊಂಡು ಕೊಕ್ಕೆ ಕತ್ತರಿಸೋ. ಮೀನು ಹೋದ್ರೆ ಹೋಗ್ಲಿ," ಎಂದ. ಇಕ್ಕಳ ನನ್ನ ಸೊಂಟದಲ್ಲೇ ಇತ್ತು. ಕತ್ತರಿಸಿದರೆ ಮೀನು ಜಾರಿ ನೀರಿಗೆ ಬಿದ್ದೀತೆಂದು ನನಗೆ ಅನ್ನಿಸಿತು. "ಒಂದೇ ನಿಮಿಷ ಇರೋ" ಎಂದು ಮೀನಿನ ದವಡೆ ಹಿಡಿದು ಜಗ್ಗಿದೆ. ಮೀನು ಬಂತು. ಕೊಕ್ಕೆ ಕೆನ್ನೆಯನ್ನು ಸೀಳಿಕೊಂಡು ಮೇಲೆ ಕಣ್ಣಿಗೆ ಹೋಯಿತು. ನಾನು ಮೀನನ್ನು ದೋಣಿಯ ನೀರಿನ ತೊಟ್ಟಿಗೆ ಹಾಕಿ, ಮುಚ್ಚಳ ಹಾಕಿ, ಚಿಲಕ ಸಿಕ್ಕಿಸಿ, ಆಮೇಲೆ ತಮ್ಮನ ಕಡೆ ತಿರುಗಿದೆ. ಅವನು ಹುಟ್ಟು ಎತ್ತಿದ್ದು ಆಗ.

ಇದನ್ನು ಅವನು ನಿನ್ನಮ್ಮನಿಗೂ ಹೇಳಿಲ್ಲ. ಓದಿ ಮುಗಿಸಿದ ಮೇಲೆ ಈ ಕಾಗದವನ್ನು ಅವನಿಗೆ ಕೊಡು. ಬಲಗಡೆ ಕೂತು ಕೊಡು, ಎಡಗಡೆ ಅವನಿಗೆ ಕಾಣುವುದಿಲ್ಲ.