ಲ್ಯಾಟಿನ್ ತರಗತಿಯಲ್ಲಿ ನಿಮ್ಮ ದನಿ

ಅಪ್ಪಾ,

ನಾನು ಅರ್ಥಶಾಸ್ತ್ರದ ಜೊತೆ ಗ್ರೀಕ್, ಲ್ಯಾಟಿನ್ ಅನ್ನು ಉಪವಿಷಯವಾಗಿ ತೆಗೆದುಕೊಂಡಾಗ ಖುಷಿಪಟ್ಟವರು ನೀವೊಬ್ಬರೇ. ಇವತ್ತು ಬರ್ಮಿಂಗ್‌ಹ್ಯಾಮ್‌ನ ತರಗತಿಯಲ್ಲಿ ರೋಮನ್ ಸಮಾಧಿಯೊಂದರ ಬರಹವನ್ನು ಗಟ್ಟಿಯಾಗಿ ಓದುವ ಸರದಿ ನನ್ನದಾಗಿತ್ತು. ಬಾಯಿ ತೆರೆದರೆ ನನ್ನ ದನಿ ಬರಲಿಲ್ಲ; ಮೈಸೂರಿನಲ್ಲಿ ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದ ನಿಮ್ಮ ದನಿ ಬಂತು. ಅದೇ ಎಳೆತ, ಸಾಲಿನ ಕೊನೆಗೆ ಅದೇ ಸಣ್ಣ ಕೆಮ್ಮು.

ಪಾಠ ಮಾಡುವ ಹೆಲೆನ್ ತಲೆಯೆತ್ತಿದರು. "ಹೀಗೆ ಓದೋಕೆ ಯಾರು ಕಲಿಸಿದ್ರು?"

"ನಮ್ಮಪ್ಪ. ಸಂಸ್ಕೃತ ಮೇಷ್ಟ್ರು."

"ಈಗಲೂ ಪಾಠ ಮಾಡ್ತಾರಾ?"

ನೀವು ತೀರಿಕೊಂಡ ವಾರ ನನಗೆ ಗ್ರೀಕ್ ಪರೀಕ್ಷೆಯಿತ್ತು, ಊರಿಗೆ ಬರಲಿಲ್ಲ. ಅರವತ್ತೆಂಟು ಅಂಕ ಬಂತು.

"ಹೂಂ, ಮಾಡ್ತಾರೆ" ಅಂದುಬಿಟ್ಟೆ.

"ಹಾಗಾದ್ರೆ ಗುರುವಾರ ಸ್ಕೈಪ್‌ನಲ್ಲಿ ನಮ್ಮ ಜೊತೆ ಮಾತಾಡ್ತಾರಾ, ಕೇಳ್ತೀಯಾ?"

ಕೇಳುತ್ತೇನೆ ಎಂದೆ, ಅಪ್ಪಾ. ಕೇಳುತ್ತಿದ್ದೇನೆ.

ಹಂಸಾ